ಸಾದಲಿಯಿಂದ ಗುಜರಿ ಪೇಟೆಗೆ: ಹಳೆಯ ರೇಸ್ ಚಕ್ರಗಳ ಹಾದಿ

ಸಾದಲಿ ಶಿಡ್ಲಘಟ್ಟ ತಾಲ್ಲೂಕಿನ ಒಂದು ಹೋಬಳಿ ಕೇಂದ್ರ. 2007ರಲ್ಲಿ ಕೋಲಾರವನ್ನು ವಿಭಜಿಸಿ ಚಿಕ್ಕಬಳ್ಳಾಪುರ ಜಿಲ್ಲೆ ಮಾಡಿದಾಗ ನಮ್ಮ ವಿಳಾಸ ಬದಲಾಯಿತೇ ಹೊರತು ಬದುಕು ಬದಲಾಗಲಿಲ್ಲ. ವರ್ಷವಿಡೀ ಹರಿಯುವ ನದಿ ಇಲ್ಲದ ಸೀಮೆ ಇದು. ಕೆರೆ, ಕೊಳವೆಬಾವಿ, ರಾಗಿ ಹೊಲ, ಹಿಪ್ಪುನೇರಳೆ ತೋಟ, ಒಂದೆರಡು ಹಸು, ಇಷ್ಟನ್ನು ನಂಬಿಕೊಂಡವರು ನಾವು. ಮನೆಯೊಳಗೆ ದಖ್ಖನಿ ಉರ್ದು, ಅಂಗಡಿ ಮುಂದೆ ತೆಲುಗು, ಶಾಲೆಯಲ್ಲಿ ಕನ್ನಡ.

ಈ ಭಾಗದ ಹೆಣ್ಣುಮಕ್ಕಳಿಗೆ ಚಕ್ರ ಎಂದೊಡನೆ ನೆನಪಾಗುವುದು ರೇಷ್ಮೆ ನೂಲು ತೆಗೆಯುವ ಚರಕ. ಬಿಸಿನೀರಿನಲ್ಲಿ ಬೆಂದ ಗೂಡಿನಿಂದ ಎಳೆ ಎತ್ತುವವರು ಒಬ್ಬರು, ಚಕ್ರ ತಿರುಗಿಸುವವರು ಇನ್ನೊಬ್ಬರು. ಆ ಚಕ್ರದ ಸದ್ದಿನಲ್ಲಿಯೇ ಶಿಡ್ಲಘಟ್ಟದ ಎಷ್ಟೋ ಮನೆಗಳಲ್ಲಿ ಮಕ್ಕಳು ಬೆಳೆದರು, ಮದುವೆಗಳಾದವು. ಇನ್ನೊಂದು ಎತ್ತಿನಗಾಡಿಯ ಮರದ ಗಾಲಿ. ಕಬ್ಬಿಣದ ಪಟ್ಟಿಯನ್ನು ಬೆಂಕಿಯಲ್ಲಿ ಕೆಂಪಗೆ ಕಾಯಿಸಿ, ಹಿಗ್ಗಿದಾಗ ಗಾಲಿಯ ಸುತ್ತ ಕೂರಿಸಿ, ನೀರು ಹೊಯ್ದು ಕುಗ್ಗಿಸಿ ಬಿಗಿ ಮಾಡುವ ಕೆಲಸವನ್ನು ನೋಡಲು ಹುಡುಗರು ಮುಗಿಬೀಳುತ್ತಿದ್ದರು. ಆಮೇಲೆ ರೈತರು ಮರದ ಗಾಲಿ ಕಳಚಿ, ಮೋಟಾರು ವಾಹನದ ಹಳೆಯ ರಿಮ್ಮು, ಟೈರು ಹಾಕಿಸಿ ಟೈರ್ ಗಾಡಿ ಮಾಡಿಕೊಂಡರು. ಎತ್ತಿಗೆ ಭಾರ ಕಡಿಮೆಯಾಯಿತು. ಕಳಚಿದ ಮರದ ಗಾಲಿಗಳು ವರ್ಷಗಟ್ಟಲೆ ಹಿತ್ತಿಲಲ್ಲಿ ಒರಗಿದ್ದು, ಈಗ ರೆಸಾರ್ಟುಗಳ, ಹೋಟೆಲುಗಳ ಗೋಡೆ ಸೇರುತ್ತಿವೆ. ದುಡಿಯುವ ಕಾಲ ಮುಗಿದ ಮೇಲೆ ಚಕ್ರಕ್ಕೆ ಇನ್ನೊಂದು ಬೆಲೆ ಬರುತ್ತದೆ ಎಂಬುದು ಹೀಗೆ ನಮಗೆ ಗೊತ್ತಾಯಿತು.

ಗಾಡಿಯ ಜೊತೆಗೆ ಬಂದ ಚಕ್ರವನ್ನು ತೆಗೆದು ಬೇರೆಯವರು ಮಾಡಿದ ಹೆಚ್ಚು ಅನುಕೂಲದ ಚಕ್ರವನ್ನು ಹಾಕಿಸುವುದು, ಹಳೆಯದಾದ ಮೇಲೆ ಅದನ್ನು ಹುಡುಕಿ ಕೂಡಿಡುವುದು, ಇವೆರಡೂ ಮೋಟಾರು ಲೋಕದಲ್ಲಿ ದೊಡ್ಡ ಹವ್ಯಾಸ. ಅದರಲ್ಲೂ ರೇಸ್ ಕಾರುಗಳಿಗಾಗಿ ತಯಾರಾದ ಹಳೆಯ ಚಕ್ರಗಳೆಂದರೆ ಕೆಲವರಿಗೆ ಪ್ರಾಣ. ನನ್ನ ತಂಗಿಯ ಮಗ ಅವರಲ್ಲಿ ಒಬ್ಬ. ಚಿಂತಾಮಣಿಯ ಗ್ಯಾರೇಜೊಂದರಲ್ಲಿ ಕೆಲಸ ಮಾಡುವ ಅವನ ಕೋಣೆಯ ಗೋಡೆಯಲ್ಲಿ ಬಟ್ಟೆ ನೇತುಹಾಕಲು ಮೊಳೆ ಇಲ್ಲ, ಮೊಳೆಗಳ ಮೇಲೆಲ್ಲ ಹಳೆಯ ಅಲಾಯ್ ವೀಲುಗಳು. ಅಕ್ಕನ ಮದುವೆಗೆ ತಂದೆಯ ಹಳೆಯ ಕಾರಿಗೆ ಅಂಥದೇ ನಾಲ್ಕು ಚಕ್ರ ಹಾಕಿ ಮದುಮಗಳನ್ನು ಕರೆದೊಯ್ಯಬೇಕೆಂಬುದು ಅವನ ಆಸೆ. "ನೀನೂ ಜೊತೆಗೆ ಹೋಗು, ನಿನ್ನ ಮಾತಾದರೆ ಕೇಳುತ್ತಾನೆ" ಎಂದು ತಂಗಿ ನನ್ನನ್ನು ಬೆಂಗಳೂರಿಗೆ ಕಳಿಸಿದಳು. ಬಸ್ಸಿನಲ್ಲಿ ಅವನು ಹೇಳುತ್ತ ಹೋದದ್ದು, ಆಮೇಲೆ ನಾನು ಓದಿ ತಿಳಿದದ್ದು, ಪೇಟೆಯಲ್ಲಿ ಕಣ್ಣಾರೆ ಕಂಡದ್ದು ಎಲ್ಲವನ್ನೂ ಸೇರಿಸಿ ಇಲ್ಲಿ ಬರೆದಿದ್ದೇನೆ.

ನಮ್ಮ ಬಾಯಲ್ಲಿ ಉಳಿದ ಸ್ಟೆಪ್ನಿ

ಕಾರಿನಲ್ಲಿರುವ ಹೆಚ್ಚುವರಿ ಚಕ್ರಕ್ಕೆ ನಾವೆಲ್ಲ ಸ್ಟೆಪ್ನಿ ಎನ್ನುತ್ತೇವೆ. ಅದು ಎಲ್ಲಿಯ ಮಾತು? ಬ್ರಿಟನ್ನಿನ ವೇಲ್ಸ್ ಪ್ರಾಂತದಲ್ಲಿ ಲನೆಲ್ಲಿ ಎಂಬ ಊರಿದೆ. ಅಲ್ಲಿನ ಸ್ಟೆಪ್ನಿ ಬೀದಿಯಲ್ಲಿ ಡೇವಿಸ್ ಸಹೋದರರು 1904ರಲ್ಲಿ ಒಂದು ಚಕ್ರ ತಯಾರಿಸಿದರು. ಆಗಿನ ಕಾರುಗಳಿಗೆ ಹೆಚ್ಚುವರಿ ಚಕ್ರವೇ ಇರಲಿಲ್ಲ. ಪಂಕ್ಚರ್ ಆದರೆ ದಾರಿಯಲ್ಲಿಯೇ ಕೂತು ಟೈರು ಬಿಚ್ಚಿ ತೇಪೆ ಹಾಕಬೇಕು. ಡೇವಿಸ್ ಸಹೋದರರ ಚಕ್ರಕ್ಕೆ ಕಡ್ಡಿಗಳಿರಲಿಲ್ಲ. ಗಾಳಿ ತುಂಬಿದ ಟೈರಿನ ಬರಿಯ ಬಳೆ ಅದು. ಪಂಕ್ಚರಾದ ಚಕ್ರದ ಪಕ್ಕಕ್ಕೆ ಅದನ್ನು ಕೊಂಡಿಗಳಿಂದ ಬಿಗಿದು ಮನೆ ಸೇರಬಹುದಿತ್ತು. ಆ ಬಳೆ ಎಂದೋ ಹೋಯಿತು. ಬೀದಿಯ ಹೆಸರು ಮಾತ್ರ ಸಾವಿರಾರು ಮೈಲಿ ದಾಟಿ ನಮ್ಮ ಟ್ಯಾಕ್ಸಿಯವರ ಬಾಯಲ್ಲಿ ಉಳಿಯಿತು. ಕಾರು ಮಾಡಿದವರಲ್ಲದೆ ಬೇರೆಯವರು ತಯಾರಿಸಿ ಮಾರಿದ ಚಕ್ರಗಳ ಕಥೆಯಲ್ಲಿ ಇದು ಮೊದಲ ಅಧ್ಯಾಯಗಳಲ್ಲಿ ಒಂದು.

ರೇಸಿನಲ್ಲಿ ಪಂಕ್ಚರ್ ಎಂದರೆ ಸೋಲು. ಇಂಗ್ಲೆಂಡಿನ ರಡ್ಜ್-ವಿಟ್ವರ್ತ್ ಕಂಪನಿ ತಂತಿ ಕಡ್ಡಿಗಳ ಚಕ್ರವನ್ನು ನಡುವಿನ ಒಂದೇ ನಟ್ಟಿನಿಂದ ಬಿಗಿಯುವಂತೆ ಮಾಡಿತು. ಸುತ್ತಿಗೆಯಿಂದ ನಟ್ಟು ಸಡಿಲಿಸಿದರೆ ಚಕ್ರವೇ ಕೈಗೆ ಬರುತ್ತಿತ್ತು. ಇದು ಎಷ್ಟು ಅನುಕೂಲವಾಗಿತ್ತೆಂದರೆ, 1908ರ ಫ್ರೆಂಚ್ ಗ್ರಾಂಡ್ ಪ್ರಿ ರೇಸಿನಲ್ಲಿ ಇಂಥ ಚಕ್ರಗಳಿಗೆ ಅವಕಾಶವನ್ನೇ ಕೊಡಲಿಲ್ಲ. ಅಂದು ಬೇಡವೆಂದ ವಿಧಾನವೇ ಮುಂದೆ ರೇಸ್ ಕಾರುಗಳ ರೂಢಿಯಾಯಿತು.

ಚಕ್ರ ಹಗುರವಾಗಬೇಕು ಏಕೆ?

ಹತ್ತು ಕಿಲೋ ಅಕ್ಕಿಯ ಚೀಲವನ್ನು ಬೆನ್ನ ಮೇಲೆ ಹೊತ್ತು ನಡೆಯಬಹುದು. ಅದೇ ಹತ್ತು ಕಿಲೋವನ್ನು ಎರಡು ಪಾಲು ಮಾಡಿ ಪಾದಗಳಿಗೆ ಕಟ್ಟಿದರೆ ನಾಲ್ಕು ಹೆಜ್ಜೆ ಇಡುವುದೂ ಕಷ್ಟ. ಕಾರಿನ ಮೈಭಾರ ಸ್ಪ್ರಿಂಗುಗಳ ಮೇಲೆ ಕೂತಿರುತ್ತದೆ. ಚಕ್ರದ ಭಾರ ಸ್ಪ್ರಿಂಗಿನ ಕೆಳಗಿರುತ್ತದೆ, ಕಾಲಿಗೆ ಕಟ್ಟಿದ ಕಲ್ಲಿನ ಹಾಗೆ. ಅದು ಹಗುರವಾದಷ್ಟೂ ಟೈರು ರಸ್ತೆಯ ಉಬ್ಬುತಗ್ಗುಗಳನ್ನು ಬಿಡದೆ ಹಿಡಿಯುತ್ತದೆ, ಕಾರು ಬೇಗ ವೇಗ ಪಡೆಯುತ್ತದೆ, ಬೇಗ ನಿಲ್ಲುತ್ತದೆ.

ಒಂದು ಲೀಟರಿನ ಅಳತೆಯಷ್ಟು ಉಕ್ಕು ಸುಮಾರು 7.8 ಕಿಲೋ ತೂಗಿದರೆ, ಅಷ್ಟೇ ಅಲ್ಯೂಮಿನಿಯಂ 2.7 ಕಿಲೋ, ಮೆಗ್ನೀಸಿಯಂ 1.7 ಕಿಲೋ. ಕಬ್ಬಿಣದ ತವಾ ಮತ್ತು ಅಲ್ಯೂಮಿನಿಯಂ ದೇಗ್ಚಿ ಎತ್ತಿ ಗೊತ್ತಿರುವ ನಮಗೆ ಈ ಲೆಕ್ಕವನ್ನು ಬಿಡಿಸಿ ಹೇಳಬೇಕಾಗಿಲ್ಲ.

1924ರಲ್ಲಿ ಫ್ರಾನ್ಸಿನ ಲಿಯೋನ್ ರೇಸಿಗೆ ಬುಗಾಟಿ ಕಂಪನಿ ತನ್ನ ಟೈಪ್ 35 ಕಾರನ್ನು ತಂದಿತು. ಅದರ ಚಕ್ರಗಳು ಅಲ್ಯೂಮಿನಿಯಂ ಎರಕದವು. ಎಂಟು ಅಗಲ ಕಡ್ಡಿಗಳು, ಬ್ರೇಕಿನ ಡ್ರಮ್ಮೂ ಚಕ್ರದೊಂದಿಗೆ ಒಂದೇ ಅಚ್ಚಿನಲ್ಲಿ. ಆ ದಿನ ಟೈರುಗಳು ಕೈಕೊಟ್ಟು ಕಾರು ಸೋತಿತು. ಆದರೆ ಆ ಚಕ್ರದ ರೂಪ ಇಂದಿಗೂ ಸಂಗ್ರಹಕಾರರ ಕಣ್ಣಲ್ಲಿದೆ. ಎರಡನೆಯ ಮಹಾಯುದ್ಧದ ಬಳಿಕ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ, ವಿಮಾನ ಕಾರ್ಖಾನೆಯಲ್ಲಿ ದುಡಿದಿದ್ದ ಟೆಡ್ ಹ್ಯಾಲಿಬ್ರಾಂಡ್ ಎಂಬವರು ರೇಸಿಗಾಗಿ ಮೆಗ್ನೀಸಿಯಂ ಚಕ್ರಗಳನ್ನು ಎರಕ ಹೊಯ್ದರು. 1950ರ ದಶಕದಲ್ಲಿ ಇಂಡಿಯಾನಾಪೊಲಿಸ್ ರೇಸಿನ ತುಂಬ ಅವರ ಚಕ್ರಗಳೇ. ಮ್ಯಾಗ್ ವೀಲ್ ಎಂಬ ಹೆಸರು ಹುಟ್ಟಿದ್ದು ಹೀಗೆ. ನಮ್ಮ ಹುಡುಗರು ಮ್ಯಾಗ್ ವೀಲ್ ಎನ್ನುವುದೆಲ್ಲ ಹೆಚ್ಚಾಗಿ ಅಲ್ಯೂಮಿನಿಯಂ ಮಿಶ್ರಲೋಹದ್ದೇ. ಹೆಸರು ಮಾತ್ರ ಹಳೆಯದು.

ರೇಸಿನ ಮೈದಾನದಿಂದ ಈ ಚಕ್ರಗಳು ಬೀದಿಗೆ ಇಳಿದದ್ದು 1960ರ ದಶಕದಲ್ಲಿ. ಅಮೆರಿಕನ್ ರೇಸಿಂಗ್ ಕಂಪನಿಯ ಐದು ಕಡ್ಡಿಗಳ 'ಟಾರ್ಕ್ ಥ್ರಸ್ಟ್' 1963ರಲ್ಲಿ ಬಂತು. ಮರುವರ್ಷ ಕ್ರಾಗರ್ ಕಂಪನಿಯ 'ಎಸ್ಎಸ್', ಫಳಫಳ ಹೊಳೆಯುವ ಕ್ರೋಮ್ ಲೇಪನದ್ದು. ಇಂಗ್ಲೆಂಡಿನಲ್ಲಿ ಪುಟ್ಟ ಮಿನಿ ಕಾರಿಗಾಗಿ ಮಿನಿಲೈಟ್ ಎಂಬ ಎಂಟು ಕಡ್ಡಿಗಳ ಮೆಗ್ನೀಸಿಯಂ ಚಕ್ರ ತಯಾರಾಯಿತು. ಹಗುರ, ಗಟ್ಟಿ, ಕಡ್ಡಿಗಳ ನಡುವಿನಿಂದ ಗಾಳಿ ನುಗ್ಗಿ ಬ್ರೇಕು ತಣ್ಣಗಾಗುತ್ತಿತ್ತು. ಜಪಾನಿನ ವಾಟನಾಬೆ ಚಕ್ರಗಳೂ ಎಂಟು ಕಡ್ಡಿಗಳವೇ. ಜರ್ಮನಿಯ ಶಿಲ್ಟಾಖ್ ಎಂಬ ಸಣ್ಣ ಊರಿನಲ್ಲಿ ಬೌಮ್‌ಗಾರ್ಟ್ನರ್ ಮತ್ತು ಬ್ರಾಂಡ್ ಎಂಬ ಇಬ್ಬರು 1970ರಲ್ಲಿ ಬಿಬಿಎಸ್ ಕಂಪನಿ ಶುರು ಮಾಡಿದರು. ಇಬ್ಬರ ಹೆಸರಿನ ಮತ್ತು ಊರಿನ ಮೊದಲ ಅಕ್ಷರಗಳೇ ಆ ಹೆಸರು. ಮೂರು ಭಾಗಗಳನ್ನು ಬೋಲ್ಟುಗಳಿಂದ ಜೋಡಿಸಿದ ಅವರ ರೇಸ್ ಚಕ್ರದಲ್ಲಿ ಒಂದು ಭಾಗ ಕೆಟ್ಟರೆ ಅದನ್ನಷ್ಟೇ ಬದಲಿಸಬಹುದಿತ್ತು.

ನಮ್ಮ ಕಡೆಗೆ ಬಂದ ದಾರಿ

ದಕ್ಷಿಣ ಭಾರತದಲ್ಲಿ ರೇಸ್ ಎಂದರೆ ಬಹುಕಾಲ ಮದರಾಸಿನ ಬಳಿಯ ಶೋಲಾವರಂ. ಯುದ್ಧಕಾಲದ ವಿಮಾನ ಇಳಿದಾಣವದು. 1953ರಲ್ಲಿ ಹುಟ್ಟಿದ ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ ಅಲ್ಲಿ ರೇಸ್ ನಡೆಸುತ್ತಿತ್ತು. 1990ರಲ್ಲಿ ಇರುಂಗಾಟ್ಟುಕೋಟೈ ಟ್ರ್ಯಾಕ್ ತಯಾರಾಗುವ ತನಕ ಬೆಂಗಳೂರಿನ ಆಸಕ್ತರೂ ಅಲ್ಲಿಗೇ ಹೋಗುತ್ತಿದ್ದರು. 1961ರಿಂದ 1996ರವರೆಗೆ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಬಂದ ಜಾವಾ, ಯೆಜ್ಡಿ ಬೈಕುಗಳ ಕಥೆಯೂ ಇದರೊಂದಿಗೆ ಸೇರಿಕೊಂಡಿದೆ. ಈಗ ಆ ಬೈಕುಗಳ ಮೂಲ ಚಕ್ರ, ಡ್ರಮ್ಮುಗಳಿಗಾಗಿ ಹುಡುಕಾಡುವವರು ಕರ್ನಾಟಕದ ಎಲ್ಲ ಊರುಗಳಲ್ಲೂ ಸಿಗುತ್ತಾರೆ.

ಆಗಿನ ದಿನಗಳಲ್ಲಿ ಪರದೇಶದ ಚಕ್ರ ತರಿಸುವುದು ಸುಲಭವಿರಲಿಲ್ಲ. ಲೈಸೆನ್ಸು, ಸುಂಕ ಎಲ್ಲ ಅಡ್ಡಿ. ಆದ್ದರಿಂದ ಗ್ಯಾರೇಜಿನವರು ಉಕ್ಕಿನ ರಿಮ್ಮನ್ನೇ ಕತ್ತರಿಸಿ, ನಡುವೆ ಪಟ್ಟಿ ಬೆಸೆದು ಅಗಲ ಮಾಡಿಕೊಳ್ಳುತ್ತಿದ್ದರಂತೆ. 1983ರ ಕೊನೆಯಲ್ಲಿ ಮಾರುತಿ 800 ಬಂದ ಮೇಲೆ, 1991ರ ಆರ್ಥಿಕ ಬದಲಾವಣೆಗಳ ನಂತರ, ಅಲಾಯ್ ಚಕ್ರಗಳು ಮೆಲ್ಲಗೆ ಸಾಮಾನ್ಯರ ಕಣ್ಣಿಗೂ ಬಿದ್ದವು. ಇಂದು ದೇವನಹಳ್ಳಿ ದಾಟಿ ನಂದಿ ಬೆಟ್ಟಕ್ಕೆ ಏರುವ ಭಾನುವಾರದ ಕಾರುಗಳಲ್ಲಿ ಉಕ್ಕಿನ ಬರಿಯ ಚಕ್ರ ಕಾಣುವುದೇ ಅಪರೂಪ.

ಚಕ್ರದ ಈ ಬೆಳವಣಿಗೆಯನ್ನು ಮಕ್ಕಳಿಗೆ ತೋರಿಸಬೇಕೆನ್ನುವವರು ಮೈಸೂರು ಕಡೆ ಹೋದಾಗ ಶ್ರೀರಂಗಪಟ್ಟಣದ ಬಳಿಯ 'ಪಯಣ' ಕಾರು ಸಂಗ್ರಹಾಲಯಕ್ಕೆ ಹೋಗಬಹುದು. ಧರ್ಮಸ್ಥಳದ ವೀರೇಂದ್ರ ಹೆಗ್ಗಡೆಯವರು ಕೂಡಿಟ್ಟ ಹಳೆಯ ವಾಹನಗಳು ಅಲ್ಲಿವೆ. ಕಾರಿನ ಬಣ್ಣ ನೋಡಿ ಮುಂದೆ ಸಾಗುವ ಮಕ್ಕಳಿಗೆ ಒಮ್ಮೆ ಬಗ್ಗಿ ಚಕ್ರ ನೋಡಲು ಹೇಳಿ. ಯಾವ ಕಾಲದ ಕಾರು ಎಂಬುದನ್ನು ಅದು ಅರ್ಧ ಹೇಳಿಬಿಡುತ್ತದೆ.

ಗುಜರಿಯಲ್ಲಿ ನಾಲ್ಕು ಚಕ್ರ

ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹೊಸ ಚಕ್ರಗಳು ಗಾಜಿನ ಹಿಂದೆ ಹೊಳೆಯುತ್ತವೆ. ಹಳೆಯದು ಬೇಕಾದರೆ ಶಿವಾಜಿನಗರದ ಗುಜರಿಗೇ ಹೋಗಬೇಕು. ಒಬ್ಬರು ನಡೆದರೆ ಎದುರಿನವರು ಪಕ್ಕಕ್ಕೆ ಸರಿಯಬೇಕಾದ ಗಲ್ಲಿಗಳು. ಒಂದು ಕಡೆ ಗೇರ್‌ಬಾಕ್ಸುಗಳ ರಾಶಿ, ಇನ್ನೊಂದು ಕಡೆ ಬಾಗಿಲುಗಳು, ಹೆಡ್‌ಲೈಟುಗಳು, ರೊಟ್ಟಿ ಪೇರಿಸಿದಂತೆ ಪೇರಿಸಿಟ್ಟ ರಿಮ್ಮುಗಳು. ಎಣ್ಣೆ, ಗ್ರೀಸು, ಚಹಾ ಎಲ್ಲದರ ವಾಸನೆ ಒಟ್ಟಿಗೆ. ಇಲ್ಲಿನ ಕಸುಬುದಾರರಿಗೆ ಶಾಲೆಯ ಓದು ಕಡಿಮೆ ಇರಬಹುದು. ಆದರೆ ಮುಷ್ಟಿಯಷ್ಟು ಲೋಹದ ತುಂಡನ್ನು ಕೈಗೆ ಕೊಟ್ಟರೆ ಯಾವ ಕಾರಿನದು, ಯಾವ ಭಾಗದ್ದು ಎಂದು ಹೇಳಬಲ್ಲರು. ತಂದೆಯಿಂದ ಮಗನಿಗೆ ಬಂದ ವಿದ್ಯೆ ಅದು.

ಹುಡುಗನಿಗೆ ಬೇಕಿದ್ದ ಎಂಟು ಕಡ್ಡಿಗಳ ನಾಲ್ಕು ಚಕ್ರಗಳು ಒಬ್ಬ ಹಿರಿಯರ ಅಂಗಡಿಯಲ್ಲಿ ಸಿಕ್ಕವು. ಅವನ ಮುಖ ಅರಳಿತು. "ಖಾಲಾ, ನೋಡಿ, ನಾಲ್ಕೂ ಒಂದೇ ಸೆಟ್!" ಎಂದ. ಹಿರಿಯರು ಒಂದೊಂದನ್ನೇ ನೆಲದ ಮೇಲೆ ನಿಲ್ಲಿಸಿ ಮರದ ಹಿಡಿಯಿಂದ ತಟ್ಟಿದರು. ನಾವು ಮಡಕೆ ಕೊಳ್ಳುವಾಗ ಬೆರಳ ಗೆಣ್ಣಿನಿಂದ ತಟ್ಟಿ ಕಿವಿಗೊಡುತ್ತೇವಲ್ಲ, ಹಾಗೆ. ಮೂರು ಚಕ್ರಗಳು ಗಂಟೆಯಂತೆ ಉಲಿದವು. ನಾಲ್ಕನೆಯದು ಮಂಕಾಗಿ ಸದ್ದು ಮಾಡಿತು. ಅವರು ಅದನ್ನು ಮಗುಚಿ, ಒಳಭಾಗವನ್ನು ಸೀಮೆಎಣ್ಣೆಯಲ್ಲಿ ಒರೆಸಿ, ಬೆಳಕಿಗೆ ಹಿಡಿದರು. ಕಡ್ಡಿಯ ಬುಡದಲ್ಲಿ ಕೂದಲೆಳೆಯಷ್ಟು ಬಿರುಕು.

"ಆಪಾ, ಮೂರು ಚಕ್ರ ಸರಿ ಇವೆ. ಇದನ್ನು ಮಾತ್ರ ನಾನು ಕೊಡೋದಿಲ್ಲ."

"ವೆಲ್ಡಿಂಗ್ ಮಾಡಿಸಿ ಪೇಂಟ್ ಹೊಡೆದರೆ ಗೊತ್ತೇ ಆಗಲ್ಲ, ಚಾಚಾ" ಎಂದ ಹುಡುಗ.

"ಗೊತ್ತಾಗಲ್ಲ ಬೇಟಾ, ಅದೇ ತೊಂದರೆ" ಎಂದರು ಅವರು.

ಮೂರು ಚಕ್ರ ಕಾರಿಗಾಗಿ ಯಾರು ಕೊಳ್ಳುತ್ತಾರೆ? ಆ ಒಂದು ಮಾತಿನಿಂದ ಅವರ ಇಡೀ ಸೆಟ್ಟಿನ ವ್ಯಾಪಾರ ಹೋಯಿತು. ಆದರೂ ಅವರು ಸೀಮೆಸುಣ್ಣದಿಂದ ಆ ಚಕ್ರದ ಮೇಲೆ ದೊಡ್ಡದಾಗಿ ಅಡ್ಡಗೆರೆ ಎಳೆದು ಕರಗಿಸುವ ರಾಶಿಗೆ ಎಸೆದರು. ಮಾರುಕಟ್ಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈಯಿಟ್ಟು, ಅಡಿಯಲ್ಲಿದ್ದ ಒದ್ದೆಯನ್ನು ಕಂಡು, ಅದನ್ನು ಜನರಿಗೆ ಕಾಣುವಂತೆ ಮೇಲಿಡಬಾರದಿತ್ತೇ ಎಂದು ವ್ಯಾಪಾರಿಯನ್ನು ಪ್ರವಾದಿ(ಸ) ವಿಚಾರಿಸಿದ ಪ್ರಸಂಗವನ್ನು ನಾವು ಮದ್ರಸಾದಲ್ಲಿ ಮಕ್ಕಳಿಗೆ ಕಲಿಸುತ್ತೇವೆ. ಆ ಪಾಠ ಸೀಮೆಸುಣ್ಣದ ಒಂದು ಗೆರೆಯಾಗಿ ಅಲ್ಲಿ ನನ್ನ ಕಣ್ಣ ಮುಂದಿತ್ತು.

ಸಂಗ್ರಹಕಾರರ ಕಣ್ಣು

ಚಕ್ರ ಕೂಡಿಡುವವರು ಮೊದಲು ನೋಡುವುದು ಮುಖವನ್ನಲ್ಲ, ಬೆನ್ನನ್ನು. ಎರಕದಲ್ಲಿಯೇ ಮೂಡಿದ ತಯಾರಕರ ಹೆಸರು, ಅಳತೆ, ತಯಾರಾದ ಕಾಲದ ಗುರುತು ಅಲ್ಲಿರುತ್ತವೆ. 13 ಮತ್ತು 5.5 ಜೆ ಎಂದಿದ್ದರೆ ಹದಿಮೂರು ಇಂಚು ವ್ಯಾಸ, ಐದೂವರೆ ಇಂಚು ಅಗಲ ಎಂದರ್ಥ. ಜಪಾನಿನ ಚಕ್ರಗಳ ಮೇಲೆ ಜೆಡಬ್ಲ್ಯುಎಲ್ ಎಂದಿದ್ದರೆ ಅದು ಆ ದೇಶದ ಅಲಾಯ್ ಚಕ್ರಗಳ ಸುರಕ್ಷತಾ ಮಾನದಂಡದ ಗುರುತು. ಹಳೆಯ ಮಾದರಿಯನ್ನು ನೋಡಿ ಹೊಸದಾಗಿ ಮಾಡಿದ ಚಕ್ರಗಳೂ ಬೇಕಾದಷ್ಟಿವೆ. ಹೊಸದೆಂದು ಹೇಳಿ ಮಾರಿದರೆ ಅದರಲ್ಲಿ ತಪ್ಪಿಲ್ಲ. ಹಳೆಯದೆಂದು ನಂಬಿಸಿ ಮಾರಿದರೆ ಮೋಸ.

ನಾಲ್ಕು ಬೋಲ್ಟಿನ ಚಕ್ರ ಎಂದ ಮಾತ್ರಕ್ಕೆ ನಾಲ್ಕು ಬೋಲ್ಟಿನ ಎಲ್ಲ ಕಾರಿಗೂ ಅದು ಕೂರುವುದಿಲ್ಲ. ಬೋಲ್ಟುಗಳು ಕೂರುವ ವೃತ್ತ ಕೆಲವು ಕಾರುಗಳಲ್ಲಿ 100 ಮಿಲಿಮೀಟರ್, ಕೆಲವದರಲ್ಲಿ 114.3. ನಡುವಿನ ತೂತು, ಚಕ್ರ ಒಳಕ್ಕೆ ಎಷ್ಟು ಕೂರುತ್ತದೆ ಎಂಬ ಅಳತೆ ಇವೂ ಹೊಂದಬೇಕು. ಒತ್ತಾಯದಿಂದ ಬಿಗಿದರೆ ಇಂದಲ್ಲ ನಾಳೆ ಬೋಲ್ಟು ಸಡಿಲಾಗುತ್ತದೆ.

ಮೆಗ್ನೀಸಿಯಂ ಚಕ್ರವಾದರೆ ಇನ್ನೂ ಎಚ್ಚರ. ಬಣ್ಣ ಎದ್ದ ಕಡೆ ತೇವ ತಾಗಿ ಬಿಳಿಯ ಪುಡಿಯಂತೆ ಸವೆಯುತ್ತದೆ. ಒಣಗಿದ ಜಾಗದಲ್ಲಿಯೇ ಇಡಬೇಕು. ಮನೆಯಲ್ಲಿ ಅದನ್ನು ಗ್ರೈಂಡರಿನಿಂದ ಉಜ್ಜಲು ಹೋಗಬಾರದು. ಅದರ ಪುಡಿಗೆ ಬೆಂಕಿ ಬೇಗ ಹತ್ತುತ್ತದೆ, ನೀರು ಹಾಕಿದರೆ ಆರುವ ಬದಲು ಇನ್ನಷ್ಟು ಉರಿಯುತ್ತದೆ. ತಟ್ಟಿ ಕೇಳುವುದು ಮೊದಲ ಪರೀಕ್ಷೆಯೇ ಹೊರತು ಕೊನೆಯದಲ್ಲ. ಬಣ್ಣದ ದ್ರಾವಣ ಹಚ್ಚಿ ಬಿರುಕು ಪತ್ತೆ ಮಾಡುವ, ಎಕ್ಸ್-ರೇ ತೆಗೆಯುವ ವಿಧಾನಗಳಿವೆ. ಅಲಾಯ್ ಚಕ್ರದ ಕಾರಿನಲ್ಲಿ ಒಂದೇ ಟೈರಿನ ಗಾಳಿ ಪ್ರತಿ ಬೆಳಗ್ಗೆ ಇಳಿಯುತ್ತಿದ್ದು, ಪಂಕ್ಚರ್ ಸಿಗದಿದ್ದರೆ, ರಿಮ್ಮಿನಲ್ಲಿ ಬಿರುಕಿದೆಯೇ ಎಂದು ನೋಡಿಸಿ.

ಗೋಡೆಗೆ ಅಂದ, ರಸ್ತೆಗೆ ಅಳತೆ

ರೇಸಿಗಾಗಿ ಮಾಡಿದ ಚಕ್ರ ಸವೆದುಹೋಗುವುದನ್ನು ಮೊದಲೇ ಒಪ್ಪಿಕೊಂಡು ತಯಾರಾದದ್ದು. ರೇಸಿನವರು ಪ್ರತಿ ಸಲ ಪರೀಕ್ಷಿಸುತ್ತಾರೆ, ಅನುಮಾನ ಬಂದರೆ ಬಿಸಾಡುತ್ತಾರೆ. ಅದೇ ಚಕ್ರ ನಲವತ್ತು ವರ್ಷ ಕಳೆದು ನಮ್ಮ ಗುಂಡಿಗಳ ರಸ್ತೆಗೆ, ಉಬ್ಬುಗಳಿಗೆ, ಆರು ಜನ ಕೂತ ಕಾರಿಗೆ ಬಂದರೆ? ಎಷ್ಟು ಪೆಟ್ಟು ತಿಂದಿದೆ ಎಂಬುದನ್ನು ಅದರ ಹೊಳಪು ಹೇಳುವುದಿಲ್ಲ. ಆದ್ದರಿಂದಲೇ ತಿಳಿದ ಸಂಗ್ರಹಕಾರರು ಹಳೆಯ ಮೆಗ್ನೀಸಿಯಂ ಚಕ್ರಗಳನ್ನು ಗೋಡೆಗೆ ಹಾಕುತ್ತಾರೆ, ಓಡಿಸಲು ಪರೀಕ್ಷೆಯಾದ ಹೊಸ ಚಕ್ರ ಬಳಸುತ್ತಾರೆ.

ಕಾನೂನನ್ನೂ ಮರೆಯುವಂತಿಲ್ಲ. ತಯಾರಕರು ಮಾಡಿದ ಮೂಲ ವಿನ್ಯಾಸದ ವಿವರಗಳಿಗೆ ವಿರುದ್ಧವಾಗಿ ವಾಹನವನ್ನು ಬದಲಿಸುವಂತಿಲ್ಲ ಎಂದು ಮೋಟಾರು ವಾಹನ ಕಾಯ್ದೆಯ 52ನೇ ಕಲಮನ್ನು ವಿವರಿಸುತ್ತ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೇರಳದ ಪ್ರಕರಣವೊಂದರಲ್ಲಿ ಹೇಳಿದೆ. ಅಳತೆ ಮೀರಿದ, ಮಡ್‌ಗಾರ್ಡಿನಿಂದ ಹೊರಚಾಚುವ ಚಕ್ರ ಹಾಕಿಸುವ ಮುನ್ನ ಆರ್‌ಟಿಒ ಕಚೇರಿಯಲ್ಲಿಯೂ ವಿಮೆಯವರಲ್ಲಿಯೂ ಕೇಳುವುದು ಒಳ್ಳೆಯದು. ಹಳೆಯ ಚಕ್ರಕ್ಕೂ ರಸೀದಿ ಪಡೆಯಬೇಕು. ಕದ್ದ ಮಾಲು ಅಗ್ಗವಾಗಿಯೇ ಸಿಗುತ್ತದೆ. ಯಾರದೋ ಮನೆಯ ಮುಂದೆ ನಿಲ್ಲಿಸಿದ್ದ ಕಾರಿನಿಂದ ಕಳಚಿದ ಚಕ್ರ ನಮ್ಮ ಗೋಡೆಗೆ ಅಲಂಕಾರವಾಗುವುದು ಬೇಡ.

ತಾಯಂದಿರಿಗೆ ಒಂದು ಮಾತು. ಮಕ್ಕಳ ಇಂಥ ಹವ್ಯಾಸಗಳನ್ನು ಕಬ್ಬಿಣದ ಹುಚ್ಚು ಎಂದು ಬೈದು ದೂರ ಇಡಬೇಡಿ. ಲೋಹ, ತೂಕ, ಅಳತೆ, ಇತಿಹಾಸ, ಭೂಗೋಳ ಎಲ್ಲವೂ ಆ ಒಂದು ಚಕ್ರದೊಳಗಿವೆ. ಹತ್ತನೇ ತರಗತಿಯಲ್ಲಿ ವಿಜ್ಞಾನಕ್ಕೆ ಹೆದರುತ್ತಿದ್ದ ಹುಡುಗ ಇಂದು ಮೆಗ್ನೀಸಿಯಂ, ಅಲ್ಯೂಮಿನಿಯಂ ವ್ಯತ್ಯಾಸವನ್ನು ನನಗೇ ಪಾಠ ಮಾಡುತ್ತಾನೆ. ಚಕ್ರ ಕೂಡಿಡುವ ಹವ್ಯಾಸ ಬೇರೆ, ಹೆದ್ದಾರಿಯಲ್ಲಿ ಮುಂದಿನ ಚಕ್ರ ಎತ್ತಿ ವ್ಹೀಲಿಂಗ್ ಮಾಡುವ ಹುಚ್ಚು ಬೇರೆ. ಮೊದಲನೆಯದಕ್ಕೆ ಜೊತೆಯಾದರೆ ಎರಡನೆಯದನ್ನು ತಡೆಯುವ ಮಾತಿಗೂ ಬೆಲೆ ಬರುತ್ತದೆ. ಮಗ ಹೊಸದೊಂದು ಚಕ್ರ ಮನೆಗೆ ತಂದಾಗ ಬೆಲೆ ಎಷ್ಟು ಎಂದು ಕೇಳುವ ಮುಂಚೆ ಮೂರು ಪ್ರಶ್ನೆ ಕೇಳಿ. ಎಲ್ಲಿಂದ ಬಂತು? ಬಿರುಕು ನೋಡಿಸಿದೆಯಾ? ಗೋಡೆಗೋ, ಗಾಡಿಗೋ?

ನಮ್ಮ ಹುಡುಗ ಅಂದು ಮೂರರಲ್ಲಿ ಒಂದನ್ನು ರಸೀದಿ ಸಮೇತ ಕೊಂಡ. ಮದುವೆಯ ದಿನ ತಂದೆಯ ಕಾರು ಕಾರ್ಖಾನೆಯಿಂದ ಬಂದಿದ್ದ ಉಕ್ಕಿನ ಚಕ್ರಗಳ ಮೇಲೆಯೇ ಹೋಯಿತು. ಅವನ್ನು ಅವನೇ ಉಜ್ಜಿ ಬೆಳ್ಳಿಯ ಬಣ್ಣ ಹಚ್ಚಿದ್ದ. ಮದುಮಗಳು ಸುಖವಾಗಿ ಗಂಡನ ಮನೆ ಸೇರಿದಳು. ಕಾರಿನ ಚಕ್ರ ಯಾವುದೆಂದು ಬೀಗರಲ್ಲಿ ಯಾರೂ ಬಗ್ಗಿ ನೋಡಲಿಲ್ಲ.